ಲೇಖನಿಯೂ ಕೀಲಿಮಣೆಯೂ

ಕಾಳಿ ನದಿಯ ದಂಡೆಯ ದಾಂಡೇಲಿಯು ಕಾಗದದ ಕಾರ್ಖಾನೆಗೆ ಹೆಸರಾದ ಊರು. ಅಲ್ಲಿಯ ಮಕ್ಕಳೂ ಇಂದು ಕಾಗದಕ್ಕಿಂತ ಮೊದಲು ಮೊಬೈಲನ್ನು ಹಿಡಿಯುತ್ತಾರೆ. ಇದನ್ನು ಹಳಿಯುವುದು ಸಲ್ಲದು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಹಳಿಯಾಳ, ಮುಂಡಗೋಡ ಪೇಟೆಗಳ ಎಷ್ಟೋ ಮಕ್ಕಳಿಗೆ ಪಾಠವನ್ನು ಮುಟ್ಟಿಸಿದ್ದು ಮೊಬೈಲೇ. ನೆಟ್‌ವರ್ಕ್ ಸಿಗದ ಜೋಯಿಡಾದ ಕಾಡುಹಳ್ಳಿಗಳಲ್ಲಿ ಮಾತ್ರ ಪುಸ್ತಕ, ಲೇಖನಿಗಳೇ ಗತಿಯಾದುವು.

ಗಣಕಯಂತ್ರದಲ್ಲಿ ಮೂರು ಕೀಲಿಗಳನ್ನು ಒತ್ತಿದರೆ ‘ಕ್ಷ’ ತಾನಾಗಿ ಮೂಡುತ್ತದೆ. ಕೈಬರಹದಲ್ಲಾದರೋ ಅದರ ರೂಪವನ್ನು ವಿದ್ಯಾರ್ಥಿಯೇ ಅರಿತಿರಬೇಕು. ಕಾಗುಣಿತವನ್ನರಿಯದವನು ಯಂತ್ರವು ಸೂಚಿಸಿದ ತಪ್ಪು ಪದವನ್ನೂ ಒಪ್ಪಿಬಿಡುತ್ತಾನೆ. ಆದುದರಿಂದ ಪ್ರಬಂಧವನ್ನು ಮೊದಲು ಕೈಯಿಂದ ಬರೆಯಿಸಿ, ತಿದ್ದಿದ ಬಳಿಕ ಬೆರಳಚ್ಚು ಮಾಡಿಸುವುದೇ ಯುಕ್ತ. ಹತ್ತನೆಯ ತರಗತಿಯ ಪರೀಕ್ಷೆಗೆ ಇಂದಿಗೂ ಲೇಖನಿಯೇ ಬೇಕಲ್ಲವೆ? ಆದರೆ ಬೆರಳಚ್ಚಿನ ಆ ಎರಡನೆಯ ಪಾಠಕ್ಕೆ ಜೋಯಿಡಾದ ಮಗುವಿಗೂ ಕೀಲಿಮಣೆ ದೊರೆಯಬೇಕು.