ಅಂಕಿಗಳು ಬಂದ ದಾರಿ

ಕಮರಿಪೇಟೆಯ ನಮ್ಮ ಮನೆಗೆ ರಜೆಯಲ್ಲಿ ಬಂದಿದ್ದ ಮೊಮ್ಮಗ ಒಂದು ಪ್ರಶ್ನೆ ಕೇಳಿದ: 'ಅಜ್ಜಾ, ಈ ಅಂಕಿಗಳು ನಮ್ಮವೋ, ಅರಬರವೋ?' ಭಾರತದ ಸೊನ್ನೆಯನ್ನು ಅರಬರು ಕದ್ದು ಯುರೋಪಿಗೆ ತಮ್ಮದೆಂದು ಕೊಟ್ಟರೆಂದು ಯಾರೋ ಭಾಷಣದಲ್ಲಿ ಹೇಳಿದ್ದರಂತೆ.

ಕದ್ದವನು ಮಾಲಿನ ಮೇಲೆ ಒಡೆಯನ ಹೆಸರು ಬರೆದಿಡುವುದುಂಟೆ? 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಈ ಗಣನಾಕ್ರಮವನ್ನು ವಿವರಿಸಿದ್ದು ಹಿಂದೂಗಳ ಲೆಕ್ಕವೆಂದೇ. ಆ ಅರಬ್ಬಿ ಗ್ರಂಥ ಇಂದು ಉಳಿದಿಲ್ಲ. ಅದರ ಪರಿಚಯ ನಮಗಾಗುವುದು ಲ್ಯಾಟಿನ್ ರೂಪಾಂತರಗಳಿಂದ. ಅಲ್ಜೀರಿಯಾದ ಬಂದರೊಂದರಲ್ಲಿ ಈ ವಿದ್ಯೆ ಕಲಿತ ಪೀಸಾದ ಫಿಬೊನಾಚ್ಚಿ ಕೂಡ 1202ರ ತನ್ನ ಗ್ರಂಥದಲ್ಲಿ ಇವನ್ನು ಭಾರತೀಯರ ಒಂಬತ್ತು ಅಂಕಿಗಳೆಂದೇ ಕರೆದ. ಋಣವನ್ನು ಮರೆತವರು ಅವರಿಬ್ಬರೂ ಅಲ್ಲ.

ಅರಬರು ಬರೀ ಅಂಚೆಯವರಾಗಿದ್ದರೆಂದೂ ಹೇಳಲಾಗದು. ಸಮೀಕರಣಗಳನ್ನು ಬಿಡಿಸುವ ಕ್ರಮವನ್ನು ಅಲ್ ಖ್ವಾರಿಜ್ಮಿ ಪ್ರತ್ಯೇಕ ಶಾಸ್ತ್ರವಾಗಿ ನಿಲ್ಲಿಸಿದ. 'ಆಲ್ಜಿಬ್ರಾ' ಅವನ ಗ್ರಂಥದ ಹೆಸರಿನಿಂದ, 'ಅಲ್ಗಾರಿದಂ' ಅವನದೇ ಹೆಸರಿನಿಂದ ಬಂದವು. ಇಬ್ನ್ ಸಿನಾನ ವೈದ್ಯಗ್ರಂಥವನ್ನು ಯುರೋಪಿನ ವಿಶ್ವವಿದ್ಯಾಲಯಗಳು 17ನೇ ಶತಮಾನದವರೆಗೂ ಪಾಠ ಹೇಳಿದವು.

ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಅಲ್ ಖ್ವಾರಿಜ್ಮಿಯ ಶತಮಾನದಲ್ಲೇ, ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. ವಿದ್ವತ್ತಿಗೇನೂ ಕೊರತೆಯಿರಲಿಲ್ಲ. ಆದರೂ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅದು ಮದರಾಸಿನಲ್ಲಿ ಅಚ್ಚಾದದ್ದು 1912ರಲ್ಲಿ. ಅನುವಾದಕನೊಬ್ಬ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ಅಂತರ ಸಾವಿರ ವರ್ಷ!

ತಹಶೀಲು, ಖಜಾನೆ, ಜಮಾ, ಬಾಕಿ ಎಂಬ ಅರಬ್ಬಿ ಮೂಲದ ಪದಗಳ ಕೆಳಗೆ ಸೇವಾವಧಿಯುದ್ದಕ್ಕೂ ರುಜು ಹಾಕಿದವನು ನಾನು. ಆ ಭಾಷೆಯ ವಿದ್ವತ್ತು ನಮ್ಮ ಪಕ್ಕದ ವಿಜಾಪುರದಲ್ಲೇ ಶೇಖರವಾಗಿತ್ತೆಂಬುದು ಮಾತ್ರ ನನಗೆ ತಿಳಿದದ್ದು ನಿವೃತ್ತಿಯ ನಂತರ. ಆದಿಲಶಾಹಿ ಗ್ರಂಥಭಂಡಾರದಲ್ಲಿ ಉಳಿದು, ಅಸರ್ ಮಹಲಿನಲ್ಲಿದ್ದ ನೂರಾರು ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿನ ಇಂಡಿಯಾ ಆಫೀಸನ್ನು ಸೇರಿದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಆಟ್ಟೊ ಲೋಟ್ ಎಂಬ ಜರ್ಮನ್ ವಿದ್ವಾಂಸರು 1877ರ ತಮ್ಮ ಇಂಗ್ಲಿಷ್ ಸೂಚಿಯಲ್ಲಿ ಅಲ್ಲಿನ ಅರಬ್ಬಿ ಪ್ರತಿಗಳನ್ನು ವಿವರಿಸಿದರು.

ಮೂಲಪ್ರತಿಗಳು ಮರಳುವ ಮಾತು ಹಾಗಿರಲಿ. ಅವುಗಳ ಛಾಯಾಪ್ರತಿಗಳನ್ನಾದರೂ ಸರ್ಕಾರ ವಿಜಾಪುರಕ್ಕೆ ತರಿಸಬೇಕು, ಕನ್ನಡದಲ್ಲೊಂದು ವಿವರಣಾತ್ಮಕ ಸೂಚಿ ಮಾಡಿಸಬೇಕು. ಅದಕ್ಕೆ ಮೊದಲು ಅರಬ್ಬಿಯನ್ನೂ ಕನ್ನಡವನ್ನೂ ಸಮನಾಗಿ ಬಲ್ಲ ನಾಲ್ಕು ಮಂದಿ ತರುಣರಿಗೆ ಶಿಷ್ಯವೇತನ ಕೊಟ್ಟು ಕೂರಿಸಬೇಕು. ಒಂದು ಉತ್ಸವದ ಪೆಂಡಾಲಿಗೆ ತಗಲುವಷ್ಟೂ ಅದಕ್ಕೆ ಖರ್ಚಾಗಲಿಕ್ಕಿಲ್ಲ.