‘ನಡೆಯಿರಿ’ ಎಂದರೆ ಸಾಲದು, ಎಲ್ಲಿ ಎಂದೂ ಹೇಳಬೇಕು

ಆರ್.ಟಿ. ನಗರದ ನನ್ನ ಚಿಕಿತ್ಸಾಲಯಕ್ಕೆ ಮೂರು ವರ್ಷಗಳಿಂದ ಬರುತ್ತಿರುವ ಒಬ್ಬ ತಾಯಿ ಇದ್ದಾರೆ. ನಾನು ಅವರನ್ನು ಖಾಲಾ ಎಂದೇ ಕರೆಯುತ್ತೇನೆ. ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆಯಿದೆ. ಇದೇ ಕಾಯಿಲೆಯ ಅವರ ಅಕ್ಕನಿಗೆ, ಗಮನಕ್ಕೇ ಬಾರದ ಒಂದು ಸಣ್ಣ ಗಾಯ ಕೊಳೆತು ಎರಡು ಕಾಲ್ಬೆರಳುಗಳನ್ನು ತೆಗೆಯಬೇಕಾಯಿತು. ಆ ಭಯ ಖಾಲಾರ ಕಣ್ಣಲ್ಲಿ ಸದಾ ಕಾಣುತ್ತದೆ. ಬಂದಾಗಲೆಲ್ಲ ಚೀಟಿಯ ಕೊನೆಯಲ್ಲಿ ‘ದಿನಕ್ಕೆ ಅರ್ಧ ಗಂಟೆ ನಡಿಗೆ’ ಎಂದು ಬರೆಯುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು. ಮುಂದಿನ ಸಲ ನೋಡಿದರೆ ಸಕ್ಕರೆ ಇದ್ದಲ್ಲೇ ಇರುತ್ತಿತ್ತು.

ಕಳೆದ ಬಾರಿ ಸ್ವಲ್ಪ ಖಾರವಾಗಿಯೇ ಕೇಳಿದೆ: “ಖಾಲಾ, ನಡೆಯುವುದಕ್ಕೆ ದುಡ್ಡು ಕೊಡಬೇಕಾ?” ಅವರು ಬೇಸರಿಸಿಕೊಳ್ಳಲಿಲ್ಲ. “ಎಲ್ಲಿ ನಡೆಯಲಿ ಡಾಕ್ಟರ್ ಸಾಬ್, ನೀವೇ ಹೇಳಿ” ಎಂದರು. ಅವರ ಗಲ್ಲಿಯಲ್ಲಿ ಫುಟ್‌ಪಾತ್ ಇಲ್ಲ. ಇದ್ದ ಅಂಚಿನಲ್ಲೂ ಸ್ಕೂಟರುಗಳು ನಿಂತಿರುತ್ತವೆ. ಬೆಳಿಗ್ಗೆ ತಿಂಡಿ, ಡಬ್ಬಿ, ಮೊಮ್ಮಕ್ಕಳ ಶಾಲೆ ಎಂದು ಹತ್ತು ಗಂಟೆಯವರೆಗೆ ಕೈ ಬಿಡುವಿಲ್ಲ. ಬಿಡುವಾದಾಗ ಹತ್ತಿರದ ಪಾರ್ಕಿನ ಗೇಟಿಗೆ ಬೀಗ ಬಿದ್ದಿರುತ್ತದೆ. ಸಂಜೆ ಗೇಟು ತೆರೆಯುವ ಹೊತ್ತಿಗೆ ಮತ್ತೆ ಅಡುಗೆಮನೆ ಕರೆಯುತ್ತದೆ.

ನನ್ನ ಬಳಿ ಉತ್ತರವಿರಲಿಲ್ಲ. ಮೂರು ವರ್ಷ ನಾನು ಅರ್ಧ ಚೀಟಿ ಮಾತ್ರ ಬರೆದಿದ್ದೆ ಎಂದು ಆ ದಿನ ಅರ್ಥವಾಯಿತು.

ಯುನಾನಿ ವೈದ್ಯಶಾಸ್ತ್ರವು ಆರೋಗ್ಯ ಕಾಪಾಡಲು ಬೇಕಾದ ಆರು ಸಂಗತಿಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂದು ಹೇಳುತ್ತದೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೋಗಬೇಕಾದುದು ಹೋಗುವುದು. ಇಬ್ನ್ ಸೀನಾ (980–1037) ತಮ್ಮ ‘ಅಲ್ ಖಾನೂನ್’ನಲ್ಲಿ ಆರೋಗ್ಯರಕ್ಷಣೆಯ ಭಾಗದಲ್ಲಿ ವ್ಯಾಯಾಮವನ್ನು ವಿವರವಾಗಿ ಚರ್ಚಿಸಿದ್ದಾರೆ. ನೆನಪಿಡಬೇಕಾದುದೇನೆಂದರೆ ಈ ಆರೂ ಒಂದಕ್ಕೊಂದು ಹೆಣೆದುಕೊಂಡಿವೆ. ಬಸ್ಸು ಲಾರಿಗಳ ಹೊಗೆಯಲ್ಲಿ ಬಳ್ಳಾರಿ ರಸ್ತೆಯ ಅಂಚಿನಲ್ಲಿ ನಡೆದರೆ ದೇಹಕ್ಕೆ ಚಲನೆ ಸಿಗಬಹುದು, ಗಾಳಿ ಕೆಡುತ್ತದೆ, ಮನಸ್ಸು ಹೆದರುತ್ತದೆ. ಆದ್ದರಿಂದ ನಡಿಗೆ ಔಷಧವಾದರೆ, ನಡೆಯುವ ಜಾಗವೂ ಆ ಔಷಧದ ಭಾಗವೇ.

ಶ್ರೀರಂಗಪಟ್ಟಣದವರಿಗೆ ಕಾವೇರಿಯಿದೆ, ಹರಿಹರದವರಿಗೆ ತುಂಗಭದ್ರೆಯಿದೆ. ಎತ್ತರದ ದಿಣ್ಣೆಯ ಮೇಲೆ ಕುಳಿತ ಬೆಂಗಳೂರಿಗೆ ಅಂಥ ದೊಡ್ಡ ನದಿಯಿಲ್ಲ. ಆದರೆ ನಮ್ಮ ಹಿರಿಯರು ಇಳಿಜಾರಿನಲ್ಲಿ ಸಾಲಾಗಿ ಕೆರೆ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಯಲಹಂಕದ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಅಲ್ಲಿಂದ ಮುಂದಿನ ಕೆರೆಗಳಿಗೆ ಸಾಗಿ ಕೊನೆಗೆ ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಉತ್ತರ ಬೆಂಗಳೂರಿನವರಿಗೆ ಈ ಕೆರೆಸಾಲೇ ನದಿದಂಡೆ.

ನಾನು ಖಾಲಾಗೆ ಹೇಳಿದ ದಾರಿ ಜಕ್ಕೂರು ಕೆರೆಯದು. ನಿಮಗೂ ಅದನ್ನೇ ಹೇಳುತ್ತೇನೆ. ಹೆಬ್ಬಾಳದಿಂದ ಯಲಹಂಕದ ಕಡೆ ಹೋಗುವ ಬಸ್ಸು ಹತ್ತಿ. ‘ಶಕ್ತಿ’ ಯೋಜನೆಯಿಂದಾಗಿ 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಬಸ್ಸು ಹಾದುಹೋಗುವ ಹೆಬ್ಬಾಳ ಸಾಮಾನ್ಯ ಊರಲ್ಲ. ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾದ ಕಿತ್ತಯ್ಯನ ವೀರಗಲ್ಲು ಇಲ್ಲೇ 2018ರಲ್ಲಿ ಪತ್ತೆಯಾಯಿತು. ಅದರ ನಂತರ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣ, ಮುಂದೆ ಸಣ್ಣ ವಿಮಾನಗಳ ಜಕ್ಕೂರು ಮೈದಾನ. ಜಕ್ಕೂರಿನಲ್ಲಿ ಇಳಿದು ಆಟೋ ಹಿಡಿದರೆ, 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರವಿರುವ ಭಾಗ ದಾಟಿ ಕೆರೆ ಸಿಗುತ್ತದೆ.

ಕೆರೆಯ ದಾರಿ ಸಮತಟ್ಟು. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ವಾಹನಗಳ ಕಾಟವಿಲ್ಲ. ಪೂರ್ತಿ ಸುತ್ತಲು ನಿಧಾನ ನಡಿಗೆಯವರಿಗೆ ಒಂದು ಗಂಟೆಗೂ ಹೆಚ್ಚು ಬೇಕಾದೀತು. ಮೊದಲ ದಿನವೇ ಸುತ್ತಬೇಡಿ. ಹತ್ತು ನಿಮಿಷ ಹೋಗಿ, ಕುಳಿತು, ಹಿಂದಿರುಗಿ. ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆಗಳು ಕಾಣುತ್ತವೆ. ಉತ್ತರದ ತುದಿಯಲ್ಲಿ ಒಳಚರಂಡಿ ನೀರನ್ನು ಶುದ್ಧೀಕರಿಸುವ ಘಟಕವಿದೆ. ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಘಟಕವದು. ಅಲ್ಲಿಂದ ಹೊರಬಂದ ನೀರು ಜೊಂಡು ಮತ್ತು ನೀರುಗಿಡಗಳು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹರಿದು, ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಮಕ್ಕಳನ್ನು ಕರೆದೊಯ್ದರೆ ಇದನ್ನು ತಪ್ಪದೆ ತೋರಿಸಿ. ನಮ್ಮ ಬಚ್ಚಲಿನಿಂದ ಹೋದದ್ದು ಎಲ್ಲಿಗೆ ಹೋಗುತ್ತದೆಂದು ಅವರಿಗೆ ತಿಳಿಯಲಿ. ಜನ ನಡೆಯುವ ದಾರಿಯನ್ನೂ ನೀರಿನ ತಾಣವನ್ನೂ ಹೊಲಸು ಮಾಡಬಾರದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಖಾಲಿ ಬಾಟಲಿ, ತಿಂಡಿಯ ಪೊಟ್ಟಣ ನಿಮ್ಮ ಚೀಲದಲ್ಲೇ ಮನೆಗೆ ಬರಲಿ. ಶುದ್ಧೀಕರಿಸಿದ ನೀರೆಂದು ಮಕ್ಕಳನ್ನು ಕೆರೆಗಿಳಿಸಬೇಡಿ.

ಇನ್ನು ವೈದ್ಯನಾಗಿ ಕೆಲವು ಮಾತು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ವೇಗದ ಅಳತೆ. ಹೊಟ್ಟೆ ಬಿರಿಯ ಉಂಡ ತಕ್ಷಣ ಬಿರುಸಾಗಿ ನಡೆಯಬೇಡಿ, ತೀರಾ ಹಸಿದೂ ಹೋಗಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಸ್ವಲ್ಪ ಸಕ್ಕರೆ ಜೊತೆಯಲ್ಲಿಟ್ಟುಕೊಳ್ಳಿ. ನಡುಕ, ಬೆವರು, ತಲೆಸುತ್ತು ಬಂದರೆ ಕುಳಿತು ಅದನ್ನು ತಿನ್ನಿ. ಹವಾಯಿ ಚಪ್ಪಲಿ ಬೇಡ, ಬೆರಳು ಮುಚ್ಚುವ ಮೆತ್ತನೆಯ ಶೂ ಮತ್ತು ಹತ್ತಿಯ ಕಾಲುಚೀಲ ಇರಲಿ. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಎದೆ ಬಿಗಿದರೆ ನಡಿಗೆ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ನಡೆಯಲು ಶುರುಮಾಡಿದೆನೆಂದು ಔಷಧವನ್ನು ನೀವೇ ನಿಲ್ಲಿಸಬೇಡಿ. ಕೆರೆಗೆ ಹೋಗಲಾಗದ ದಿನ ಊಟದ ನಂತರ ಮನೆಯ ತಾರಸಿಯಲ್ಲೇ ಹತ್ತು ಹದಿನೈದು ನಿಮಿಷ ನಿಧಾನವಾಗಿ ಅಡ್ಡಾಡಿದರೂ ಸಕ್ಕರೆಗೆ ಒಳ್ಳೆಯದು.

ಆದರೆ ಇಷ್ಟನ್ನೂ ಆ ತಾಯಿಯ ತಲೆಗೇ ಕಟ್ಟಿದರೆ ನಾನು ಮತ್ತೆ ಅರ್ಧ ಚೀಟಿ ಬರೆದಂತೆ. ಉಳಿದರ್ಧ ನಮ್ಮದು. ಗಂಡಸರಾದ ನಮಗೆ ಫಜ್ರ್‌ಗೆ ಮಸೀದಿಗೆ ಹೋಗಿ ಬರುವಾಗಲಾದರೂ ನಾಲ್ಕು ಹೆಜ್ಜೆ ನಡಿಗೆ ಸಿಗುತ್ತದೆ. ಮನೆಯ ಹೆಂಗಸರಿಗೆ ಅದೂ ಇಲ್ಲ. ಅಮ್ಮನನ್ನು ಮದುವೆ ಮನೆಗೆ ಸ್ಕೂಟರಿನಲ್ಲಿ ಬಿಟ್ಟುಬರುವ ಮಗ, ವಾರಕ್ಕೊಮ್ಮೆ ಕೆರೆಗೂ ಬಿಡಬಲ್ಲ. ‘ಜನ ಏನೆಂದುಕೊಳ್ಳುತ್ತಾರೆ’ ಎನ್ನುವ ಮನೆಗಳಿಗೆ ನನ್ನದೊಂದು ಪ್ರಶ್ನೆ: ಅಮ್ಮ ಕಾಲು ಕಳೆದುಕೊಂಡರೆ ಆ ಜನ ಬಂದು ಎತ್ತಿ ಕೂರಿಸುತ್ತಾರೆಯೇ? ನಮ್ಮ ಮೊಹಲ್ಲಾ ಕಮಿಟಿಗಳು ಭಾನುವಾರ ಒಂದು ವ್ಯಾನ್ ಮಾಡಿದರೆ ಹತ್ತು ತಾಯಂದಿರು ಒಟ್ಟಾಗಿ ಹೋಗಿ ಬರಬಹುದು. ಒಬ್ಬರಿಗೊಬ್ಬರು ಜೊತೆ, ಒಬ್ಬರಿಗೊಬ್ಬರು ಧೈರ್ಯ. ನಗರಾಡಳಿತವನ್ನೂ ಕೇಳೋಣ. ಪಾರ್ಕು ಮತ್ತು ಕೆರೆಗಳ ಗೇಟು ಬೆಳಿಗ್ಗೆ ಹನ್ನೊಂದೂವರೆಯವರೆಗಾದರೂ ತೆರೆದಿರಲಿ. ಸ್ವಚ್ಛವಾದ ಶೌಚಾಲಯವಿರಲಿ. ಅದಿಲ್ಲದೆ ವಯಸ್ಸಾದ ಹೆಂಗಸರು ನೀರು ಕುಡಿಯದೆ ಹೊರಡುತ್ತಾರೆ, ಅದು ಇನ್ನೊಂದು ಕಾಯಿಲೆಗೆ ದಾರಿ.

ಖಾಲಾ ಕಳೆದ ತಿಂಗಳು ಸೊಸೆಯೊಂದಿಗೆ ನಾಲ್ಕು ಭಾನುವಾರ ಜಕ್ಕೂರಿಗೆ ಹೋಗಿದ್ದಾರೆ, ಉಳಿದ ದಿನ ತಾರಸಿ. ಸಕ್ಕರೆ ಸ್ವಲ್ಪ ಇಳಿದಿದೆ, ಇನ್ನೂ ಇಳಿಯಬೇಕು. ಈಚೆಗೆ ಬಂದಾಗ ಚೀಟಿ ಚಾಚುವ ಮೊದಲೇ ಚಪ್ಪಲಿ ಬಿಚ್ಚಿ, “ಮೊದಲು ಅಂಗಾಲು ನೋಡಿ ಡಾಕ್ಟರ್ ಸಾಬ್” ಎಂದರು. ಗಾಯವಿರಲಿಲ್ಲ. ಈ ಬಾರಿ ಚೀಟಿಯಲ್ಲಿ ನಡಿಗೆಯ ಪಕ್ಕ ಕೆರೆಯ ಹೆಸರನ್ನೂ ಬರೆದೆ. ನಿಮ್ಮ ಮನೆಯ ತಾಯಿಗೆ ಯಾವ ಜಾಗ, ಯಾವ ಹೊತ್ತು, ಯಾರು ಜೊತೆ ಎಂಬುದನ್ನು ಇವತ್ತೇ ಕೂತು ನಿರ್ಧರಿಸಿ.