ಚೂರ್ಣ ಕೂಡಾ ಮಾತ್ರೆನೇ ಕಣ್ರೀ

ಮಲಬದ್ಧತೆ ಬಗ್ಗೆ ಬರೀತೀನಿ ಅಂದ್ರೆ ಮೂಗು ಮುಚ್ಕೋಬೇಡಿ. 2015ರಲ್ಲಿ 'ಪೀಕು' ಸಿನಿಮಾ ಬಂದಾಗ ಎರಡು ಗಂಟೆ ಇದೇ ವಿಷಯಾನ ನಗ್ತಾ ನೋಡಿದ್ದೀವಲ್ಲ, ಇನ್ನೈದು ನಿಮಿಷ ಏನು ಮಹಾ!

ನಮ್ಮೂರು ಕಳವಾರ, ಚಿಕ್ಕಬಳ್ಳಾಪುರದ ಹತ್ತಿರ. ನಮ್ಮ ಕಡೆ ಕನ್ನಡ ತೆಲುಗು ಎರಡೂ ಬೆರೆತಿರೋದ್ರಿಂದ ಹರಳೆಣ್ಣೆಗೆ ಆಮುದಂ ಅಂತಲೂ ಅಂತಾರೆ. ನಾನು ಸಣ್ಣವನಿದ್ದಾಗ, ಅಂದ್ರೆ ನಾವಿನ್ನೂ ಕೋಲಾರ ಜಿಲ್ಲೆಯವರಾಗಿದ್ದಾಗ (ಬೇರೆ ಆಗಿದ್ದು 2007ರಲ್ಲಿ), ಬೇಸಿಗೆ ರಜಾ ಬಂತು ಅಂದ್ರೆ ಮಕ್ಕಳನ್ನೆಲ್ಲಾ ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸೋರು. ಹೊಟ್ಟೆ ಕ್ಲೀನ್ ಆಗ್ಬೇಕಂತೆ. ಆ ಸಾಲಲ್ಲಿ ಒಬ್ಬನಿಗೂ ಮಲಬದ್ಧತೆ ಇರ್ತಿರ್ಲಿಲ್ಲ ಅನ್ನೋದು ಬೇರೆ ಮಾತು.

ನನ್ನ ತಕರಾರು ಇಷ್ಟೇ. ನಾವು ಹೆದರಬೇಕಾದ ಕಡೆ ಹೆದರಲ್ಲ, ಬೇಡದ ಕಡೆ ಹೆದರ್ತೀವಿ. ಮೆಡಿಕಲ್ ಸ್ಟೋರಿನ ಒಂದು ಬಿಸಾಕೊಡಿಲ್ ಮಾತ್ರೆ (ಡಲ್ಕೋಲ್ಯಾಕ್ಸ್ ಅಂದ್ರೆ ಗೊತ್ತಾಗುತ್ತೆ) ನುಂಗೋಕೆ "ಅಯ್ಯೋ, ಅಭ್ಯಾಸ ಆಗ್ಬಿಡುತ್ತೆ" ಅಂತಾರೆ. ಅದೇ ಜನ ವರ್ಷಗಟ್ಟಲೆ ರಾತ್ರಿ ಒಂದೊಂದು ಚಮಚ ಚೂರ್ಣ ತಿಂತಾರೆ, ಅದು ಔಷಧಿ ಲೆಕ್ಕಕ್ಕೇ ಇಲ್ಲ! ಆ ಡಬ್ಬಿ ತಿರುಗಿಸಿ ಓದಿ ನೋಡಿ. ಬಹಳಷ್ಟರಲ್ಲಿ ಸೋನಾಮುಖಿ ಇರುತ್ತೆ, ಅಂದ್ರೆ ಸೆನ್ನಾ. ತಮಿಳುನಾಡಿನ ತಿರುನೆಲ್ವೇಲಿ ಕಡೆ ಬೆಳೆದು ದೇಶ ದೇಶಕ್ಕೆ ಹೋಗೋ ಎಲೆ ಅದು. ಬಿಸಾಕೊಡಿಲ್, ಸೆನ್ನಾ, ಹರಳೆಣ್ಣೆ ಮೂರೂ ಒಂದೇ ಜಾತಿ, ಕರುಳನ್ನ ಕೆರಳಿಸಿ ಓಡಿಸೋವು. ಮೊದಲೆರಡಕ್ಕೆ 6ರಿಂದ 12 ಗಂಟೆ ಬೇಕು, ಹರಳೆಣ್ಣೆಗೆ 2ರಿಂದ 6 ಗಂಟೆ ಸಾಕು. ಇಸಬ್‌ಗೋಲ್ ಈ ಜಾತಿಯಲ್ಲ. ಅದು ಬರೀ ನಾರು, ನೀರು ಹೀರಿ ಉಬ್ಬುತ್ತೆ, ಕೆಲಸಕ್ಕೆ ಒಂದೆರಡು ದಿನ ಬೇಕು, ಮೇಲೆ ಚೆನ್ನಾಗಿ ನೀರು ಕುಡೀಬೇಕು.

ಹಾಗಂತ ಈ ಮಾತ್ರೆಗಳು ವಿಲನ್ ಅಲ್ಲ. ಹೇಳಿದ ಪ್ರಮಾಣದಲ್ಲಿ ತಗೊಂಡ್ರೆ ಕರುಳಿನ ನರ ಸತ್ತೇ ಹೋಗುತ್ತೆ ಅನ್ನೋ ಹಳೇ ಭಯಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. 2023ರಲ್ಲಿ ಅಮೆರಿಕದ ಜೀರ್ಣಾಂಗ ತಜ್ಞರ ಎರಡು ಸಂಘಗಳು ಸೇರಿ ಕೊಟ್ಟ ಮಾರ್ಗಸೂಚಿಯಲ್ಲಿ, ಸ್ವಲ್ಪ ಕಾಲಕ್ಕೆ ಅಂತ ಬಿಸಾಕೊಡಿಲ್‌ಗೆ ಒಪ್ಪಿಗೆ ಇದೆ. ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳ್ಬೇಕಂದ್ರೆ, ಇದನ್ನ ಬೇಕಾದಾಗ ಕೈಯಾರೆ ರನ್ ಮಾಡಿ, ದಿನಾ ರಾತ್ರಿ ತಾನೇ ಓಡೋ ಕ್ರಾನ್ ಜಾಬ್ ಮಾಡ್ಬೇಡಿ. ದೊಡ್ಡವರಿಗೆ ರಾತ್ರಿ 5 ಮಿಗ್ರಾಂನ ಒಂದು ಮಾತ್ರೆ, ಹೆಚ್ಚಂದ್ರೆ ಎರಡು. ಒಂದು ವಾರ ದಾಟಿದ್ರೂ ಬೇಕು ಅನ್ನಿಸಿದ್ರೆ ಡಾಕ್ಟರ ಹತ್ರ ಹೋಗಿ. ಅಗಿಯಬಾರದು, ಪುಡಿ ಮಾಡಬಾರದು. ಮತ್ತೆ ದಯವಿಟ್ಟು ರಾತ್ರಿ ಹಾಲಿನ ಜೊತೆ ನುಂಗಬೇಡಿ! ಮಾತ್ರೆ ಮೇಲಿನ ಕೋಟಿಂಗ್ ಕರುಳಲ್ಲಿ ಕರಗೋಕೆ ಅಂತ ಮಾಡಿರೋದು. ಹಾಲು, ಆಂಟಾಸಿಡ್ ಜೊತೆ ತಗೊಂಡ್ರೆ ಹೊಟ್ಟೆಯಲ್ಲೇ ಕರಗಿ ಉರಿ, ನುಲಿತ ಶುರುವಾಗುತ್ತೆ. ಒಂದು ಗಂಟೆ ಅಂತರ ಇರಲಿ.

ಮಕ್ಕಳಿಗಂತೂ ಡಾಕ್ಟರು ಹೇಳದೆ ಕೊಡಲೇಬಾರದು. ಬ್ರಿಟನ್ನಿನಲ್ಲಿ 2020ರಲ್ಲೇ 12 ವರ್ಷದೊಳಗಿನವರಿಗೆ ಚೀಟಿ ಇಲ್ಲದೆ ಬೇಡ ಅಂತ ನಿಯಮ ಬಿಗಿ ಮಾಡಿದ್ರು, ಸಾಮಾನ್ಯ ಅಂಗಡೀಲಿ ಮಾರೋ ಪ್ಯಾಕನ್ನೂ 20 ಮಾತ್ರೆಗೆ ಇಳಿಸಿದ್ರು. ಬಸುರಿಯರಿಗೆ ಹರಳೆಣ್ಣೆ ಬೇಡವೇ ಬೇಡ. ಅದರಲ್ಲಿರೋ ರಿಸಿನೋಲಿಕ್ ಆಮ್ಲ ಕರುಳನ್ನ ಮಾತ್ರ ಅಲ್ಲ, ಗರ್ಭಕೋಶವನ್ನೂ ಹಿಂಡುತ್ತೆ. ಎರಡೂ ಕಡೆ ಅದು ಹಿಡಿಯೋ ರಿಸೆಪ್ಟರ್ ಒಂದೇ ಅಂತ 2012ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದ್ರು.

ಇನ್ನೊಂದು ಭಯಂಕರ ಅಭ್ಯಾಸ, ಹೊಟ್ಟೆನೋವು ಅಂದ ತಕ್ಷಣ "ಒಂದು ಬೇಧಿ ಆದ್ರೆ ಸರಿಹೋಗುತ್ತೆ" ಅನ್ನೋದು. ಅದು ಅಪೆಂಡಿಕ್ಸ್ ಆಗಿದ್ರೆ? ಅದು ಒಡೆದೇ ಹೋಗಬಹುದು. ಜೋರು ನೋವು, ವಾಂತಿ, ಗಾಳಿಯೂ ಹೋಗದೆ ಹೊಟ್ಟೆ ಉಬ್ಬರ, ಮಲದಲ್ಲಿ ರಕ್ತ, ಇದರಲ್ಲಿ ಯಾವುದು ಕಂಡ್ರೂ ಬೇಧಿ ಔಷಧಿ ಮುಟ್ಟದೆ ಆಸ್ಪತ್ರೆಗೆ ಹೊರಡಿ.

ನನಗೆ ನಿಜವಾದ ಚಿಂತೆ ನಮ್ಮಜ್ಜಿಯಂಥವರದ್ದು. ಬಿಪಿಗೆ ಅಂತ ಮೂತ್ರ ಹೆಚ್ಚಿಸೋ ಮಾತ್ರೆ, ಅದು ಪೊಟ್ಯಾಸಿಯಂ ಕಳೆಯುತ್ತೆ. ಚೂರ್ಣ ದಿನಾ ಬೇಧಿ ಮಾಡಿಸಿದ್ರೆ ಅದೂ ಪೊಟ್ಯಾಸಿಯಂ ಕಳೆಯುತ್ತೆ. ಎರಡೂ ಸೇರಿದ್ರೆ ಸುಸ್ತು, ಕಾಲು ಸೆಳೆತ, ಕೊನೆಗೆ ಹೃದಯದ ಬಡಿತಾನೇ ಏರುಪೇರು. ತಮಾಷೆ ಅಂದ್ರೆ ಮಲ ಕಟ್ಟೋದು ಎಷ್ಟೋ ಸಲ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಂದಲೇ. ಡಾಕ್ಟರು "ಬೇರೆ ಏನಾದ್ರೂ ಔಷಧಿ ತಗೋತೀರಾ?" ಅಂದ್ರೆ ಅಜ್ಜಿ "ಇಲ್ಲಪ್ಪ" ಅಂತಾಳೆ. ಸುಳ್ಳಲ್ಲ, ಅವಳ ಲೆಕ್ಕದಲ್ಲಿ ಚೂರ್ಣ ಬರೀ ಸೊಪ್ಪು. "ಸೊಪ್ಪಿಂದ ಏನಾಗುತ್ತೋ?" ಅಂತ ನನಗೇ ಗದರ್ತಾಳೆ. ಮುದ್ದೆ ಜೊತೆ ಸೊಪ್ಪಿನ ಸಾರು ಇನ್ನೊಂದು ಸೌಟು ಹಾಕ್ಕೋ, ನೀರು ಕುಡಿ ಅಂದ್ರೆ ಕೇಳ್ತಾಳೆ, ಡಬ್ಬಿ ಬಿಡು ಅಂದ್ರೆ ಕೇಳಲ್ಲ. ಮುಂದಿನ ಸಲ ಬಿಪಿ ತೋರಿಸೋಕೆ ಕರ್ಕೊಂಡು ಹೋಗುವಾಗ ಆ ಡಬ್ಬಿಯನ್ನೂ ಚೀಲಕ್ಕೆ ಹಾಕ್ಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡೋದು ಅಂತ ತೀರ್ಮಾನ ಮಾಡಿದ್ದೀನಿ. ನಿಮ್ಮನೇಲೂ ಅಂಥ ಡಬ್ಬಿ ಇದ್ರೆ ಹಾಗೇ ಮಾಡಿ.